ಮೂರನೇ ಮಹಡಿಯ ಹಿಂಬಾಗಿಲಿನ ಬಾಬ್ತು

ಕರೆಯುವ ಹೆಸರು: ಪರದೆ ಅಕ್ಕ. ವಯಸ್ಸು: ಐವತ್ತು. ಉದ್ಯೋಗ: ಮನೆಗೆಲಸ, ಜೊತೆಗೆ ಆಫೀಸುಗಳಿಗೆ ಕಿಟಕಿ ಪರದೆ ಮತ್ತು ಕುರ್ಚಿ ಹೊದಿಕೆ ಹೊಲಿಯುವುದು. ವಿದ್ಯಾಭ್ಯಾಸ: ಊರ ಶಾಲೆಯಲ್ಲಿ ಏಳನೇ ತರಗತಿ. ವಾಸ: ಮರದ ಅಡ್ಡೆಯ ಹಿಂದಿನ ಬೀದಿ, ನೀಲಿ ಗೇಟಿನ ಮನೆ, ಕೆಳಗಿನ ಮಹಡಿ.

ಈ ಕಾಗದದ ಮೂಲಕ ನಾನು ತಿಳಿಸಬೇಕಾದ್ದೇನೆಂದರೆ, ಇವತ್ತು ನನ್ನ ಉಪವಾಸದ ದಿನ. ತಿಂಗಳಿಗೆ ಎರಡು ಸಲ ಬರುತ್ತದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ. ಅಂಗಳ ಗುಡಿಸಿ, ನೀರು ತುಂಬಿಸಿ, ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿದೆ. ನಾನು ಉಣ್ಣದಿದ್ದರೂ ಮನೆಯವರು ಉಣ್ಣಬೇಕು. ಆದ್ದರಿಂದ ಅಡುಗೆ ಮಾಡಿ ಡಬ್ಬಿಗಳನ್ನು ಕಟ್ಟಿ ಅಡುಗೆಮನೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ.

ಉಪವಾಸದ ದಿನ ನಾನು ಮಾತೂ ಆಡುವುದಿಲ್ಲ. ಎದ್ದಾಗಿನಿಂದ ಸಂಜೆ ದೀಪ ಹಚ್ಚುವವರೆಗೆ ಬಾಯಿ ಬಿಡುವುದಿಲ್ಲ. ಮೊದಮೊದಲು ಬಾಯಿ ಮುಚ್ಚಿಕೊಂಡು ಕೈಯಲ್ಲೇ ಎಲ್ಲ ಹೇಳುತ್ತಿದ್ದೆ. ಬಾಗಿಲು ಹಾಕು, ಚಪ್ಪಲಿ ಆಚೆ ಬಿಡು, ಹಾಲು ಉಕ್ಕುತ್ತಿದೆ ಕಣ್ಣು ಕಾಣಿಸುವುದಿಲ್ಲವಾ, ಎಲ್ಲ ಕೈಯಲ್ಲೇ. ಆಗ ಬದುಕಿದ್ದ ನಮ್ಮ ಅತ್ತೆಯವರು, ಇವಳ ಬಾಯೇ ವಾಸಿ, ಕೈ ಅದಕ್ಕಿಂತ ಜೋರು ಎಂದರು. ನನಗೂ ಹೌದೆನ್ನಿಸಿತು. ಅಂದಿನಿಂದ ಸನ್ನೆಯೂ ಇಲ್ಲ, ತಲೆ ಆಡಿಸುವುದೂ ಇಲ್ಲ, ಬರೆಯುವುದೂ ಇಲ್ಲ. ಇದನ್ನು ಮೊದಲೇ ತಿಳಿಸುವುದು ಯಾಕೆಂದರೆ, ಠಾಣೆಯವರು ನನ್ನನ್ನು ಮೊದಲು ಮೂಗಿ ಎಂದುಕೊಂಡರು, ಆಮೇಲೆ ಹಠಮಾರಿ ಎಂದುಕೊಂಡರು. ನಾನು ಎರಡೂ ಅಲ್ಲ. ಇವತ್ತು ಆದ ರಾದ್ಧಾಂತಕ್ಕೆ ಈ ನೇಮವೇ ಅರ್ಧ ಕಾರಣ. ಇನ್ನರ್ಧ ಮುಂದೆ ಬರೆಯುತ್ತೇನೆ.

ನಮ್ಮ ಮನೆಯ ಕಸುಬು ಖಾಲಿ ಮಹಡಿಯನ್ನು ಆಫೀಸು ಮಾಡಿಕೊಡುವುದು. ನಮ್ಮ ಯಜಮಾನರು ಬಡಗಿ ಮೇಸ್ತ್ರಿ. ಮೇಜು, ಪಾರ್ಟಿಷನ್, ಸೀಲಿಂಗ್, ಬಾಗಿಲು ಅವರದು. ಯಜಮಾನರ ತಮ್ಮ, ಅಂದರೆ ನನ್ನ ಮೈದುನ, ವೈರಿಂಗ್ ನೋಡಿಕೊಳ್ಳುತ್ತಾನೆ, ಕಂಪನಿಯವರ ಹತ್ತಿರ ಮಾತಾಡುವುದೂ ಅವನೇ. ಪರದೆ ಮತ್ತು ಹೊದಿಕೆ ನನ್ನದು, ನನ್ನ ಜೊತೆಗೆ ಮೈದುನನ ಹೆಂಡತಿ, ನನ್ನ ಓರಗಿತ್ತಿ. ಒಂದೇ ಮನೆ, ಒಂದೇ ಒಲೆ.

ಯಾವ ಕೆಲಸವಾದರೂ ಸರಿ, ಕೊಟೇಶನ್ ಕೊಡುವ ಮುಂಚೆ ಯಜಮಾನರು ಅದನ್ನು ನನಗೆ ಓದಿ ಹೇಳುತ್ತಾರೆ. ನಾನು ಒಂದು ರಾತ್ರಿ ಮಲಗಿ ಎದ್ದು, ಸರಿ ಎನ್ನುತ್ತೇನೆ, ಇಲ್ಲವೇ ಬೇಡ ಎನ್ನುತ್ತೇನೆ. ಲೆಕ್ಕ ನನಗೆ ತಿಳಿಯುವುದಿಲ್ಲ, ಅವರು ಕೇಳುವುದೂ ಲೆಕ್ಕವಲ್ಲ. ಇದನ್ನು ಒಪ್ಪಿಕೊಂಡರೆ ಮನೆಯಲ್ಲಿ ನಿದ್ದೆ ಬರುತ್ತದಾ ಎಂದು ಕೇಳುತ್ತಾರೆ. ಮದುವೆಯಾದಾಗಿನಿಂದ ನನ್ನ ಉತ್ತರ ಬಾರದೆ ಒಂದು ಕಾಗದಕ್ಕೂ ಅವರು ಸಹಿ ಹಾಕಿಲ್ಲ. ಮೈದುನನಿಗೆ ಇದು ತಮಾಷೆ. ಬೇರೆಯವರು ಇಂಜಿನಿಯರನ್ನು ಕೇಳಿದರೆ ನಮ್ಮಣ್ಣ ಹಾಸಿಗೆ ದಿಂಬನ್ನು ಕೇಳುತ್ತಾನೆ ಎಂದು ಕೆಲಸದವರ ಮುಂದೆಯೇ ಹೇಳುತ್ತಾನೆ. ಯಜಮಾನರೂ ನಗುತ್ತಾರೆ. ಆದರೆ ಕೇಳುವುದನ್ನು ಬಿಟ್ಟಿಲ್ಲ.

ಹನ್ನೆರಡು ದಿನದ ಹಿಂದೆ ಯಜಮಾನರು ನನ್ನನ್ನು ಈಗ ದೂರು ಬಂದಿರುವ ಕಟ್ಟಡದ ಮೂರನೇ ಮಹಡಿಗೆ ಕರೆದುಕೊಂಡು ಹೋದರು. ಕಿಟಕಿ ಅಳತೆ ತೆಗೆದುಕೊಳ್ಳುವುದಿತ್ತು. ಅರವತ್ತು ಜನ ಕೂರುವ ಆಫೀಸು ಆಗಬೇಕು. ಅಲ್ಲಿ ಆಗ ನೆಲ, ಕಂಬ, ಪಾರಿವಾಳದ ಪುಕ್ಕ ಬಿಟ್ಟರೆ ಏನೂ ಇರಲಿಲ್ಲ. ಕಂಪನಿಯವರು ನೇಮಿಸಿದ ಡಿಸೈನರ್ ಹುಡುಗಿ ಬಂದಿದ್ದಳು. ಅವಳ ಡ್ರಾಯಿಂಗ್ ನೋಡಿಕೊಂಡು ಯಜಮಾನರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೋಡೆ, ಮೇಜು, ಕ್ಯಾಬಿನ್ ಎಲ್ಲ ನಿಜವಾದ ಅಳತೆಗೇ ಎಳೆದಿದ್ದರು. ಇದು ಅವರ ಅಭ್ಯಾಸ. ಎಳೆದಾದ ಮೇಲೆ ಒಬ್ಬರನ್ನು ನಡುಮಧ್ಯೆ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಹೊರಗೆ ಹೋಗು, ಗೆರೆ ತುಳಿಯಬೇಡ ಎನ್ನುತ್ತಾರೆ. ಕರೆಂಟು ಹೋಗಿ ಹೊಗೆ ತುಂಬಿದರೆ ಆಫೀಸಿನವರಿಗೆ ಆಗುವುದೂ ಇದೇ ತಾನೇ ಎಂಬುದು ಅವರ ಮಾತು. ಅಂದು ನಿಲ್ಲಿಸಿದ್ದು ನನ್ನನ್ನು.

ನಾನು ಕಣ್ಣು ಮುಚ್ಚಿ ಮುಂಬಾಗಿಲ ಕಡೆಗೆ ಎಂದುಕೊಂಡು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಯಜಮಾನರು, ನೀನೀಗ ಮ್ಯಾನೇಜರ ಮೇಜಿನ ಮೇಲೆ ನಿಂತಿದ್ದೀಯ, ಮೆಲ್ಲಗೆ ಇಳಿ ಎಂದರು. ಹುಡುಗಿ ನಕ್ಕಳು. ನಾನು ತಿರುಗಿ ನಿಂತೆ. ಎಡಗೆನ್ನೆಗೆ ತಣ್ಣನೆ ಗಾಳಿ ತಾಗಿತು. ಅದನ್ನೇ ಹಿಡಿದು ಹೋದೆ. ಕೈಗೆ ಕಬ್ಬಿಣ ಸಿಕ್ಕಿತು. ಕಣ್ಣು ಬಿಟ್ಟರೆ ತುಕ್ಕು ಹಿಡಿದ ಹಿಂಬಾಗಿಲು. ಅದರ ಚಿಲಕ ಒಳಗಡೆ ಮಾತ್ರ ಇದೆ. ಅದರಾಚೆ ಹಿಂದಿನ ಮೆಟ್ಟಿಲು, ಇಳಿದರೆ ಬೀದಿ.

ಯಜಮಾನರು ಹುಡುಗಿಯ ಕಡೆ ತಿರುಗಿ, ನೋಡಮ್ಮ, ಗಾಳಿಯೇ ಕೈ ಹಿಡಿದು ಕರೆದುಕೊಂಡು ಹೋಯಿತು, ಈ ಬಾಗಿಲು ಇರಬೇಕು ಎಂದರು. ಹಳೆಯದನ್ನು ತೆಗೆದು ಬೆಂಕಿ ತಡೆಯುವ ಹೊಸ ಬಾಗಿಲು ಕೂರಿಸುವುದು, ಅಲ್ಲಿಗೆ ಹೋಗುವ ಓಣಿಗೆ ಎರಡೂ ಕಡೆ ಬೆಂಕಿ ಹಿಡಿಯದ ಹಲಗೆ ಹೊಡೆಯುವುದು ಎಂದು ಅಲ್ಲೇ ಬರೆದುಕೊಂಡರು. ಹುಡುಗಿ ತಾನೂ ಡ್ರಾಯಿಂಗಿನಲ್ಲಿ ಅದನ್ನು ಹಾಕಿದ್ದೇನೆಂದೂ, ಮೇಲಿನವರು ಉಳಿಸುತ್ತಾರೋ ಇಲ್ಲವೋ ಗೊತ್ತಿಲ್ಲವೆಂದೂ ಹೇಳಿದಳು. ಅವಳು ಅದನ್ನು ಹೇಳಿದ್ದು ಮೆಲ್ಲಗೆ, ಆದರೂ ನನಗೆ ಕೇಳಿಸಿತು.

ನಾನು ಸರಿ ಎಂದ ಮೇಲೆ ಕೊಟೇಶನ್ ಹೋಯಿತು. ಮೂರು ದಿನದ ಮೇಲೆ ಕಂಪನಿಯ ಮ್ಯಾನೇಜರು ಅಣ್ಣ ತಮ್ಮ ಇಬ್ಬರನ್ನೂ ಕರೆಸಿ, ಒಟ್ಟು ಮೊತ್ತದಲ್ಲಿ ನೂರಕ್ಕೆ ಹದಿನೈದು ಇಳಿಯಬೇಕು ಎಂದರಂತೆ. ಏನು ತೆಗೆಯುತ್ತೀರೋ ಅದು ನಿಮಗೆ ಬಿಟ್ಟದ್ದು, ನಾನು ನೋಡುವುದು ಕೊನೆಯ ಸಾಲು ಮಾತ್ರ ಎಂದರಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಇಬ್ಬರೂ ಒಂದೇ ರೀತಿ ಹೇಳಿದ್ದರಿಂದ ನಂಬಿದ್ದೇನೆ.

ಆಮೇಲೆ ದಿನಾ ಸಂಜೆ ಯಜಮಾನರು ಬರುತ್ತಲೇ, ಇವತ್ತು ಏನು ಹೋಯಿತು ಎಂದು ಹೇಳುತ್ತಿದ್ದರು. ಒಂದು ದಿನ ಕಾರ್ಪೆಟ್ ಹೋಯಿತು, ಸಾದಾ ನೆಲ ಬಂತು. ಒಂದು ದಿನ ಗಾಜಿನ ಗೋಡೆ ಸೊಂಟದವರೆಗೆ ಹೋಯಿತು. ಇನ್ನೊಂದು ದಿನ ಸೀಲಿಂಗ್ ಅರ್ಧ ಹೋಯಿತು. ಓರಗಿತ್ತಿ, ಭಾವನವರೇ, ಹೀಗೇ ಹೋದರೆ ಅವರು ಬಯಲಲ್ಲಿ ಕೂತು ಕೆಲಸ ಮಾಡಬೇಕಾಗುತ್ತದೆ ಎಂದಳು. ಅಷ್ಟೆಲ್ಲ ಹೋದರೂ ಮೊತ್ತ ಇಳಿಯಬೇಕಾದಷ್ಟು ಇಳಿಯಲಿಲ್ಲ. ಯಜಮಾನರು ರಾತ್ರಿ ಎದ್ದು ಎದ್ದು ಕೂರುತ್ತಿದ್ದರು. ಹೊರಗೆ ಹೋಗಿ ಗೇಟು ಹಾಕಿದೆಯಾ ನೋಡುತ್ತಿದ್ದರು, ಬಂದು ಮಲಗಿ ಮತ್ತೆ ಎದ್ದು ನೋಡುತ್ತಿದ್ದರು.

ಮೊನ್ನೆ ಮ್ಯಾನೇಜರು ಆ ಹಿಂಬಾಗಿಲನ್ನು ತೋರಿಸಿ, ಇದು ಯಾಕೆ ಬೇಕು, ಆ ಕಡೆ ಯಾರು ಹೋಗುತ್ತಾರೆ, ಒಂದು ಪ್ಲೈವುಡ್ ಹೊಡೆದು ಅದರ ಮುಂದೆ ಕಪಾಟು ನಿಲ್ಲಿಸಿಬಿಡಿ, ಲೆಕ್ಕ ಸರಿಹೋಗುತ್ತದೆ ಎಂದರಂತೆ. ಯಜಮಾನರು ಒಪ್ಪಲಿಲ್ಲ. ಮೈದುನ, ಯೋಚನೆ ಮಾಡಿ ಹೇಳುತ್ತೇವೆ ಸಾರ್ ಎಂದು ಅಣ್ಣನ ಕೈ ಹಿಡಿದು ಎಳೆದುಕೊಂಡು ಬಂದನಂತೆ.

ಆ ರಾತ್ರಿ ಯಜಮಾನರು ಅಂಗಿ ಬಿಚ್ಚಿ ಮೊಳೆಗೆ ಹಾಕುತ್ತಾ, ಆ ಬಾಗಿಲಿಗೂ ನಿನ್ನ ಪರದೆಗೂ ಹೆಚ್ಚೂಕಡಿಮೆ ಒಂದೇ ಬೆಲೆ ಕಣೇ ಎಂದರು. ಹೇಳಿ ಗೇಟು ನೋಡಲು ಹೋದರು. ನಾನು ಹಾಸಿಗೆ ಹಾಸಿದೆ. ಈ ಮಾತನ್ನು ಬೇಕೆಂದೇ ಇಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ರಾತ್ರಿ ಎಂಟೂವರೆಗೆ ಊಟಕ್ಕೆ ಕೂತಾಗ ಅಣ್ಣ ತಮ್ಮಂದಿರಿಗೆ ಮಾತು ಬಂತು. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪಿಗೆ ತಿಳಿಸದಿದ್ದರೆ ಮ್ಯಾನೇಜರು ಬೇರೆ ಪಾರ್ಟಿಗೆ ಕೊಡುತ್ತಾರೆ ಎಂದು ಮೈದುನ ಹೇಳಿದ. ನಮ್ಮ ಎಂಟು ಜನ ಕೆಲಸದವರು ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಬಂದು ನಿಂತು ಹೋಗುತ್ತಿದ್ದಾರೆ, ಅಣ್ಣ ಅವರಿಗೆ ಟೀ ಕೊಟ್ಟು ಒಳಗೆ ಬರುತ್ತಾನೆ, ಮುಖ ತೋರಿಸಿ ಮಾತಾಡಬೇಕಾದವನು ನಾನು ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಯಜಮಾನರು, ಅರವತ್ತು ಜನಕ್ಕೆ ಒಂದೇ ಬಾಗಿಲು ಇಟ್ಟು ನಾನು ಯಾವತ್ತೂ ಮನೆಗೆ ಬಂದಿಲ್ಲ ಎಂದರು. ಮೈದುನ, ನಾವು ಹೊಡೆಯದಿದ್ದರೆ ಇನ್ನೊಬ್ಬ ಬಂದು ಹೊಡೆಯುತ್ತಾನೆ, ಬಾಗಿಲು ಹೇಗೂ ಮುಚ್ಚುತ್ತದೆ, ನಮ್ಮ ಹೊಟ್ಟೆ ಯಾಕೆ ಜೊತೆಗೆ ಮುಚ್ಚಬೇಕು ಎಂದ. ಯಜಮಾನರು ತಟ್ಟೆಯನ್ನು ಸುಮ್ಮನೆ ತಿರುಗಿಸುತ್ತಾ ಕೂತರು.

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ಮೈದುನನೇ, ಅತ್ತಿಗೆ ಹೇಳಿಬಿಡಲಿ, ಅವರು ಬೇಡ ಅಂದರೆ ನಾನು ಇನ್ನು ಬಾಯಿ ತೆಗೆಯುವುದಿಲ್ಲ ಎಂದ. ನಾನು ಯಾವಾಗಿನಂತೆ ಹೇಳಿದೆ:

"ಬೆಳಿಗ್ಗೆ ಹೇಳ್ತೀನಿ."

ಬೆಳಿಗ್ಗೆ ಉಪವಾಸ ಎಂಬುದು ಆ ಗಳಿಗೆಯಲ್ಲಿ ನನಗೆ ನೆನಪಿರಲಿಲ್ಲ. ಅವರಿಬ್ಬರಿಗೂ ನೆನಪಿರಲಿಲ್ಲ. ದೀಪ ಆರಿಸಿ ಮಲಗಿದ ಮೇಲೆ ನೆನಪಾಯಿತು. ಪಕ್ಕದಲ್ಲಿ ಯಜಮಾನರು ಗೊರಕೆ ಹೊಡೆಯುತ್ತಿದ್ದರು. ಎಷ್ಟೋ ದಿನದ ಮೇಲೆ ಅವರಿಗೆ ನಿದ್ದೆ ಹತ್ತಿತ್ತು, ನಾನು ಬೆಳಿಗ್ಗೆ ಹೇಳುತ್ತೇನೆ ಅಂದಿದ್ದಕ್ಕೇ ಹತ್ತಿತ್ತು. ಎಬ್ಬಿಸಲು ಎರಡು ಸಲ ಕೈ ಚಾಚಿದೆ, ಹಿಂದಕ್ಕೆ ತೆಗೆದುಕೊಂಡೆ.

ಇವತ್ತು ಬೆಳಿಗ್ಗೆ ಏಳೂಕಾಲಿಗೆ ಯಜಮಾನರು ಕನ್ನಡಕ ಹಾಕಿಕೊಂಡು ಕೊಟೇಶನ್ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದು, ಹೂಂ, ಹೇಳು ಎಂದರು. ನಾನು ಡಬ್ಬಿಯ ಮುಚ್ಚಳ ಒತ್ತುತ್ತಿದ್ದೆ. ಇನ್ನೊಂದು ಸಲ ಕೇಳಿದರು. ಆಮೇಲೆ ಕಟ್ಟೆಯ ಮೇಲೆ ನನ್ನ ತಟ್ಟೆ ಇಲ್ಲದ್ದನ್ನು ನೋಡಿದರು. ಇವತ್ತೇನಾ ಎಂದು ಕೇಳಿ, ತಮ್ಮಷ್ಟಕ್ಕೆ ಒಂದು ಸಲ ನಕ್ಕು, ಹೊಸ್ತಿಲ ಮೇಲೆ ಕೂತುಬಿಟ್ಟರು.

ಮೈದುನ ಬಂದ. ವಿಷಯ ತಿಳಿದು ಅವನ ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಓಡಾಡಿದ. ಅತ್ತಿಗೆ ಬೇಡ ಅನ್ನುವ ಹಾಗಿದ್ದರೆ ನಿನ್ನೆಯೇ ಅಂದುಬಿಡುತ್ತಿದ್ದರು, ಸುಮ್ಮನಿದ್ದಾರೆ ಅಂದರೆ ಒಪ್ಪಿಗೆ ಇದೆ ಅಂತಲೇ ಅರ್ಥ ಎಂದ. ಯಜಮಾನರು, ಅವಳು ಸುಮ್ಮನಿರುವುದು ದೇವರಿಗೆ, ನಿನಗಲ್ಲ ಎಂದರು. ಸಂಜೆ ದೀಪ ಹಚ್ಚುವವರೆಗೆ ಕಾಯೋಣ ಎಂದರು. ದೀಪ ಹಚ್ಚುವುದು ಆರೂವರೆಗೆ, ಮ್ಯಾನೇಜರ ಗಡುವು ಹನ್ನೆರಡಕ್ಕೆ ಎಂದು ಮೈದುನ ಹೇಳಿದ. ಹೇಳಿ, ಒಂಬತ್ತೂ ನಲವತ್ತಕ್ಕೆ ನಮ್ಮೆಲ್ಲರ ಎದುರಿಗೇ ಮ್ಯಾನೇಜರಿಗೆ ಫೋನ್ ಮಾಡಿ, ನಾವು ಒಪ್ಪಿದ್ದೇವೆ ಸಾರ್, ಇವತ್ತೇ ಪ್ಲೈವುಡ್ ಹೊಡೆಸಿ ಕೆಲಸ ಶುರು ಮಾಡುತ್ತೇವೆ ಎಂದುಬಿಟ್ಟ.

ಯಜಮಾನರು ಎದ್ದು ಚಪ್ಪಲಿ ಮೆಟ್ಟಿದರು. ಮೊಳೆಯ ಮೇಲಿದ್ದ ಸೈಟಿನ ಬೀಗದ ಕೈ ತೆಗೆದುಕೊಂಡರು. ಅದು ಅಳತೆ ಕೆಲಸಕ್ಕೆಂದು ಕಂಪನಿಯವರೇ ಅವರಿಗೆ ಕೊಟ್ಟದ್ದು, ಕದ್ದದ್ದಲ್ಲ. ಡಬ್ಬಿ ಮರೆತು ಹೊರಟರು. ನಾನು ಡಬ್ಬಿ ಹಿಡಿದು ಗೇಟಿನವರೆಗೆ ಓಡಿದೆ. ಅವರು ಅಡ್ಡೆಯ ತಿರುವಿನಲ್ಲಿದ್ದರು, ನಮ್ಮ ಗೇಟಿನಿಂದ ಮೂವತ್ತು ಮಾರು ದೂರ. ಕೂಗಿದ್ದರೆ ನಿಲ್ಲುತ್ತಿದ್ದರು. ಕೂಗಲಿಲ್ಲ.

ಹನ್ನೊಂದೂಕಾಲಿಗೆ ಮೈದುನ ಇಬ್ಬರು ಕೆಲಸದವರನ್ನೂ ಪ್ಲೈವುಡ್ಡನ್ನೂ ಗಾಡಿಯಲ್ಲಿ ಹಾಕಿಕೊಂಡು ಅಲ್ಲಿಗೆ ಹೋದನಂತೆ. ಮುಂಬಾಗಿಲಿಗೆ ಒಳಗಿನಿಂದ ಬೀಗ. ಬಡಿದರೆ ಒಳಗಿನಿಂದ ಯಜಮಾನರು, ಹಿಂಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ, ಅವಳ ಉತ್ತರ ಬಂದ ಮೇಲೆ ಬೀಗ ತೆಗೆಯುತ್ತೇನೆ, ಅದು ಏನೇ ಇರಲಿ ಅದರಂತೆ ನಡೆಯುತ್ತೇನೆ ಎಂದರಂತೆ. ಮೈದುನ ಗಾಬರಿಯಲ್ಲಿ, ಅತ್ತಿಗೆ ಒಪ್ಪಿದ್ದಾರಣ್ಣ, ಈಗ ಹೇಳಿ ಕಳಿಸಿದ್ದಾರೆ ಎಂದುಬಿಟ್ಟನಂತೆ. ಅದಕ್ಕೆ ಯಜಮಾನರು,

"ಇವತ್ತು ಅವಳು ಮಾತಾಡಲ್ಲ ಕಣೋ. ಬೇರೆ ಸುಳ್ಳು ಹುಡುಕು"

ಎಂದರಂತೆ. ಇದನ್ನು ಮೈದುನನೇ ತನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದ. ಅಷ್ಟರಲ್ಲಿ ಮ್ಯಾನೇಜರು ಬಂದು, ಒಳಗಿರುವವರಿಗೂ ಹೊರಗಿರುವವರಿಗೂ ಜೋರುಜೋರು ಮಾತಾಗಿ, ಅವರು ಠಾಣೆಗೆ ದೂರು ಕೊಟ್ಟರು. ನಮ್ಮ ಜಾಗಕ್ಕೆ ಬಲವಂತವಾಗಿ ಬೀಗ ಹಾಕಿಕೊಂಡಿದ್ದಾನೆ ಎಂದು ದೂರು.

ಮಧ್ಯಾಹ್ನ ಒಂದೂವರೆಗೆ ಮಹಿಳಾ ಪೊಲೀಸರು ನಮ್ಮ ಮನೆಗೆ ಬಂದರು. ನನ್ನ ಹೆಸರು ಕೇಳಿದರು. ಓರಗಿತ್ತಿ ಎಲ್ಲ ವಿವರಿಸಿದಳು. ಗಂಡ ಅಲ್ಲಿ ಬೀಗ ಹಾಕಿಕೊಂಡಿದ್ದಾನೆ, ಹೆಂಡತಿ ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ, ಒಳ್ಳೆ ಜೋಡಿ ಎಂದು ಅವರು ಹೇಳಿದರು. ತಪ್ಪೇನಿಲ್ಲ. ನಾನು ದೇವರಿಗೆ ಕೈಮುಗಿದು, ಯಜಮಾನರ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಓರಗಿತ್ತಿಯೂ ಜೊತೆಗೆ ಬಂದಳು.

ಠಾಣೆಗೆ ಎರಡು ಗಂಟೆಗೆ ಬಂದೆವು. ಇಲ್ಲಿಂದ ಆ ಕಟ್ಟಡ ಒಂದೂವರೆ ಕಿಲೋಮೀಟರ್. ಹೇಳಿಕೆ ಬರೆದುಕೊಳ್ಳುವ ರೈಟರು ನನ್ನ ಕಿವಿಯ ಹತ್ತಿರ ಬಗ್ಗಿ ಬೀದಿಗೆಲ್ಲ ಕೇಳುವ ಹಾಗೆ ವಯಸ್ಸು ಎಷ್ಟು ಎಂದು ಕೂಗಿದರು. ಆಚೆ ಬೆಂಚಿನಲ್ಲಿದ್ದ ಯಾರೋ ಒಬ್ಬರು ತಮ್ಮ ವಯಸ್ಸು ಹೇಳಿದರು. ಓರಗಿತ್ತಿ ಅಳುತ್ತಿದ್ದವಳು ನಕ್ಕಳು. ಆಮೇಲೆ ಠಾಣೆಯ ಸಾಹೇಬರು ಹೊರಗೆ ಬಂದು, ಎಲ್ಲ ಕೇಳಿಕೊಂಡು, ಬರೆಯಲು ಬರುತ್ತದಾ ಎಂದು ಕೇಳಿ ಈ ಕಾಗದ ಕೊಟ್ಟರು. ಐದು ಗಂಟೆಯವರೆಗೆ ತಡೆಯಬಲ್ಲೆ, ಆಮೇಲೆ ಬಾಗಿಲು ಒಡೆಸಬೇಕಾಗುತ್ತದೆ, ಒಡೆಸಿದರೆ ನಿಮ್ಮ ಯಜಮಾನರನ್ನು ಹಿಡಿದು ತರದೆ ದಾರಿಯಿಲ್ಲ ಎಂದರು. ಹೋಗುವ ಮುಂಚೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಅಮ್ಮ, ನೀವು ದೇವರಿಗೆ ಏನು ಮಾತು ಕೊಟ್ಟಿದ್ದೀರೋ ನನಗೆ ಗೊತ್ತಿಲ್ಲ. ನಿನ್ನೆ ರಾತ್ರಿ ಅವರಿಗೂ ಒಂದು ಮಾತು ಕೊಟ್ಟಿದ್ದೀರಂತೆ."

ಸಾಹೇಬರು ಎರಡೂ ನಲವತ್ತಕ್ಕೆ ಕಟ್ಟಡಕ್ಕೆ ಹೋದರು. ನಾನು ಕಾಗದ ಮುಂದಿಟ್ಟುಕೊಂಡು ಕೂತೆ. ಬರೆಯಲಿಲ್ಲ. ಎದ್ದು ಕಿಟಕಿಯವರೆಗೆ ಹೋದೆ, ಬಂದು ಕೂತೆ. ಮತ್ತೆ ಎದ್ದೆ. ಕಿಟಕಿಗೆ ಪರದೆ ಇಲ್ಲ, ಹಳೆ ಪೇಪರು ಅಂಟಿಸಿದ್ದಾರೆ. ಅಮ್ಮ ಕೂತ್ಕೊಳ್ಳಿ, ನನಗೇ ತಲೆ ಸುತ್ತುತ್ತೆ ಎಂದು ರೈಟರು ಹೇಳಿದರು. ಕೂತರೆ ಚೀಲದೊಳಗಿನ ಡಬ್ಬಿ ಕಾಲಿಗೆ ತಾಗುತ್ತಿತ್ತು. ಯಜಮಾನರು ನಿನ್ನೆ ರಾತ್ರಿಯೂ ಸರಿಯಾಗಿ ಉಂಡಿರಲಿಲ್ಲ. ನನ್ನದು ಉಪವಾಸ, ಪುಣ್ಯವಾದರೂ ಬರುತ್ತದೆ. ಅವರದು ಬರೀ ಹಸಿವು.

ಇಲ್ಲಿಯವರೆಗೆ ಬರೆದದ್ದು ದೂರಿನ ವಿಷಯ. ಇನ್ನು ಬರೆಯುವ ಇನ್ನರ್ಧ ಕಾರಣವನ್ನು ಯಾರೂ ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ.

ಎಲ್ಲ ಕೊಟೇಶನ್ನಿನಲ್ಲೂ ಯಜಮಾನರು ನನ್ನ ಪರದೆಯ ಬಾಬ್ತನ್ನು ತಾವೇ ಬರೆಯುತ್ತಾರೆ. ಕಡಿಮೆ ಮಾಡಿ ಎಂದು ಯಾರು ಎಷ್ಟೇ ಹೇಳಿದರೂ ತಮ್ಮ ಮರ ಕಡಿಮೆ ಮಾಡಿಕೊಳ್ಳುತ್ತಾರೆ, ನನ್ನ ಬಾಬ್ತಿಗೆ ಕೈ ಹಾಕುವುದಿಲ್ಲ. ಈ ಸಲದ ಹಣದಲ್ಲಿ ದಪ್ಪ ಬಟ್ಟೆ ಹೊಲಿಯುವ ಹೊಸ ಮೆಷಿನು ತೆಗೆದುಕೊಳ್ಳುವುದೆಂದು ನಾನೂ ಓರಗಿತ್ತಿಯೂ ಅಂದುಕೊಂಡಿದ್ದೆವು. ಈಗಿರುವುದರಲ್ಲಿ ಹೊದಿಕೆಯ ಅಂಚಿಗೆ ಬಂದರೆ ಸೂಜಿ ಮುರಿಯುತ್ತದೆ, ಕಾಲಲ್ಲಿ ತುಳಿದು ತುಳಿದು ನನ್ನ ಮಂಡಿ ಹೋಗಿದೆ. ಅಂಗಡಿಗೆ ಹೋಗಿ ನೋಡಿಯೂ ಬಂದಿದ್ದೆವು. ಓರಗಿತ್ತಿ ಅದರ ಮೇಲೆ ಕೈಯಾಡಿಸಿ, ಅಕ್ಕಾ, ಇದು ಗಂಡಸರಿಗಿಂತ ಕಡಿಮೆ ಸದ್ದು ಮಾಡುತ್ತದೆ ಎಂದಿದ್ದಳು.

ಮೊನ್ನೆ ರಾತ್ರಿ ಯಜಮಾನರು, ಆ ಬಾಗಿಲಿಗೂ ನಿನ್ನ ಪರದೆಗೂ ಒಂದೇ ಬೆಲೆ ಅಂದಾಗಲೇ ನನಗೆ ಅರ್ಥವಾಗಿತ್ತು. ಅವರು ಕೇಳಲಿಲ್ಲ, ಕೇಳುವವರೂ ಅಲ್ಲ. ನಾನೇ ಹೇಳಬೇಕಿತ್ತು. ನಿನ್ನೆ ಊಟದ ಹೊತ್ತಿಗೂ ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಬೆಳಿಗ್ಗೆ ಹೇಳುತ್ತೇನೆ ಅಂದದ್ದು ಯೋಚನೆ ಮಾಡಲು ಅಲ್ಲ. ಆ ಮೆಷಿನನ್ನು ಇನ್ನೊಂದು ರಾತ್ರಿ ನನ್ನದು ಎಂದುಕೊಳ್ಳಲು. ಉಪವಾಸ ಮರೆತಿದ್ದೆ ಎಂಬುದು ನಿಜ. ಆದರೆ ಬೆಳಿಗ್ಗೆ ಅವರು ಹೊಸ್ತಿಲ ಮೇಲೆ ಕೂತಾಗ ನೇಮ ಇದೆಯಲ್ಲ ಎಂದು ನನಗೆ ಒಂದು ಚೂರು ಹಗುರವಾಯಿತು. ಅದೂ ನಿಜ. ದೇವರ ಹಿಂದೆ ಅಡಗಿ ನಿಂತ ಹಾಗಾಯಿತು.

ಇದು ತಲೆಯಲ್ಲಿ ತಿರುಗುತ್ತಿದ್ದಾಗ ಗೋಡೆ ಗಡಿಯಾರದಲ್ಲಿ ಮೂರೂ ಐವತ್ತು ಆಯಿತು. ದೀಪ ಹಚ್ಚುವುದು ಆರೂವರೆಗೆ, ಬಾಗಿಲು ಒಡೆಯುವುದು ಐದಕ್ಕೆ. ನಾನು ಪೆನ್ನು ತೆಗೆದುಕೊಂಡೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಮೊದಲ ಅಕ್ಷರಕ್ಕೇ ಹೋಯಿತು. ಅದಕ್ಕೆ ನಾನು ದೇವರಿಗೆ ಬೇರೆಯಾಗಿ ಉತ್ತರ ಕೊಡುತ್ತೇನೆ. ಬಾಯಿ ಮಾತ್ರ ಇನ್ನೂ ಬಿಟ್ಟಿಲ್ಲ.

ಬರೆಯುವಾಗ ಓರಗಿತ್ತಿ ಪಕ್ಕದಲ್ಲಿ ಕೂತು ಓದುತ್ತಿದ್ದಳು. ಪರದೆಯಲ್ಲಿ ಅರ್ಧ ಅವಳ ದುಡಿಮೆ, ಅವಳನ್ನು ಕೇಳದೆ ಬಿಡಲು ನನಗೆ ಹಕ್ಕಿಲ್ಲ. ಮೆಷಿನಿನ ಮಾತು ಬಂದಲ್ಲಿ ನನ್ನ ಕೈ ನಿಂತಿತು. ಅವಳ ಮುಖ ನೋಡಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

"ನನ್ನ ಪಾಲೂ ಸೇರಿಸಿ ಬರೀರಿ ಅಕ್ಕಾ. ಆಮೇಲೆ ನಿಮ್ಮ ಮೈದುನನ್ನ ನಾನು ನೋಡ್ಕೋತೀನಿ."

ಆದ್ದರಿಂದ ನಾನೂ ಓರಗಿತ್ತಿಯೂ ತಿಳಿಸುವುದೇನೆಂದರೆ, ಕೊಟೇಶನ್ನಿನಿಂದ ಪರದೆಯ ಬಾಬ್ತನ್ನು ಪೂರ್ತಿ ತೆಗೆಯಬೇಕು. ಹಿಂಬಾಗಿಲಿನ ಬಾಬ್ತು ಇರಬೇಕು. ಒಟ್ಟು ಮೊತ್ತ ಮ್ಯಾನೇಜರು ಕೇಳಿದಷ್ಟೇ ಆಗುತ್ತದೆ, ಅವರು ನೋಡುವುದು ಕೊನೆಯ ಸಾಲು ಮಾತ್ರ ಎಂದಿದ್ದಾರೆ. ಅಲ್ಲಿ ಮೂರು ಗಂಟೆಯ ಮೇಲೆ ಬಿಸಿಲು ಎದುರಿಗೇ ಬರುತ್ತದೆ, ನಾನು ನಿಂತು ನೋಡಿದ್ದೇನೆ. ಒಂದಷ್ಟು ದಿನ ಈ ಠಾಣೆಯಲ್ಲಿ ಮಾಡಿರುವಂತೆ ಗಾಜಿಗೆ ಪೇಪರು ಅಂಟಿಸಿಕೊಳ್ಳಲಿ. ಬಿಸಿಲಿಗೆ ಯಾರೂ ಸಾಯುವುದಿಲ್ಲ. ಅವರು ಇದಕ್ಕೂ ಒಪ್ಪದಿದ್ದರೆ ಆ ಕೆಲಸವೇ ನಮಗೆ ಬೇಡ. ಎಂಟು ಜನ ಕೆಲಸದವರ ಮುಂದೆ ನಾಳೆ ಬೆಳಿಗ್ಗೆ ನಾನೇ ನಿಂತು ಹೇಳುತ್ತೇನೆ. ನಾಳೆ ನನಗೆ ಮಾತು ಇರುತ್ತದೆ.

ಮೈದುನನ ಮೇಲೆ ನನ್ನದು ದೂರಿಲ್ಲ. ಅವನು ನನ್ನ ಮೌನವನ್ನು ತನಗೆ ಬೇಕಾದಂತೆ ಬಳಸಿಕೊಂಡ, ನಾನೂ ಅದನ್ನೇ ಮಾಡಿದ್ದೆ.

ಇದರಲ್ಲಿ ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆಯಾಗಿ ಬರೆದಿದ್ದೇನೆ. ಯಾರೂ ಹೇಳಿಕೊಟ್ಟು ಬರೆಸಿದ್ದಲ್ಲ. ನಾನೇ ಒಂದು ಸಲ ಓದಿ ನೋಡಿದ್ದೇನೆ, ನಿಜವಿದೆ.

ಸ್ಥಳ: ಠಾಣೆಯ ಒಳಗಿನ ಬೆಂಚು, ಕಿಟಕಿಯ ಪಕ್ಕ
ದಿನ: ಇವತ್ತು, ನನ್ನ ಉಪವಾಸದ ದಿನ, ಸಂಜೆ ನಾಲ್ಕೂ ಇಪ್ಪತ್ತೈದು
ಸಹಿ: ಪರದೆ ಅಕ್ಕ, ಬಡಗಿ ಮೇಸ್ತ್ರಿಯ ಹೆಂಡತಿ

ಸಹಿಯ ಕೆಳಗೆ ಬರೆದದ್ದು: ಈ ಹೇಳಿಕೆಯನ್ನು ರೈಟರು ಸಾಹೇಬರಿಗೆ ಫೋನಿನಲ್ಲಿ ಓದಿ ಹೇಳುತ್ತಾರಂತೆ. ಹಾಗಾಗಿ ಸಾಹೇಬರಲ್ಲಿ ಒಂದು ವಿನಂತಿ. ಯಜಮಾನರಿಗೆ ಇದನ್ನು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಬೆಳಿಗ್ಗೆಯೇ ಒಂದು ಸುಳ್ಳು ಕೇಳಿದ್ದಾರೆ. ಬೇರೆ ಕಾಗದದಲ್ಲಿ ಎರಡು ಸಾಲು ಬರೆದು ಮಡಿಸಿ ಇಟ್ಟಿದ್ದೇನೆ. ಪರದೆ ಬಿಟ್ಟೆ, ಹಿಂಬಾಗಿಲು ಉಳಿಸಿಕೊಳ್ಳಿ, ಬೀಗ ತೆಗೆದು ಊಟ ಮಾಡಿ ಎಂದು ಇದೆ. ಮುಂಬಾಗಿಲು ಹಳೆಯ ಮರದ್ದು, ಕೆಳಗೆ ಒಂದು ಬೆರಳು ಸಂದಿದೆ, ಕಾಗದ ಒಳಗೆ ತೂರುತ್ತದೆ. ನನ್ನ ಅಕ್ಷರ ಅವರಿಗೆ ಗೊತ್ತು. ಮನೆಯವರು ಯಾರೂ ಆ ಮಹಡಿಗೆ ಹೋಗಕೂಡದು ಎಂದು ತಮ್ಮ ಅಪ್ಪಣೆ ಇದೆ, ರೈಟರು ಠಾಣೆ ಬಿಟ್ಟು ಬರುವಂತಿಲ್ಲ. ಐದರೊಳಗೆ ಇಲ್ಲಿಗೆ ಯಾರನ್ನಾದರೂ ಕಳಿಸಿ ನನ್ನ ಉತ್ತರವನ್ನೂ ಈ ಡಬ್ಬಿಯನ್ನೂ ತರಿಸಿಕೊಳ್ಳಿ.